ಬಿಸಿಗಾಳಿಯೊಳಗೆ ನೀರು

ತಗಡಿನ ಕೊಳವೆಯ ಬಾಯಿಗೆ ಯಾರೋ ಗಂಡಸು ಏಣಿ ಹತ್ತಿ ನೀರಿನ ಕೊಡ ಬಗ್ಗಿಸುತ್ತಿದ್ದುದನ್ನು ಕಂಡು ಮಾದೇವಿಯ ಎದೆ ಧಸಕ್ಕೆಂದಿತು.

"ಏ! ನೀರ ಹಾಕಬ್ಯಾಡ್ರಿ! ಕೆಳಗ ಬೆಂಕಿ ಐತಿ!"

ಕೂಗಿದ್ದಷ್ಟೇ ಅಲ್ಲ, ಓಡಿಬಂದು ಅವನ ಏಣಿಯನ್ನೇ ಎಳೆದುಬಿಟ್ಟಳು. ಕೊಡ ಉರುಳಿತು. ಅವನು ತೊಲೆ ಹಿಡಿದು ಜೋತುಬಿದ್ದ.

"ಬೆಂಕಿ ಆರಿ ಎರಡ ತಾಸಾತ್ರಿ," ಎಂದ ಮೇಲಿನಿಂದಲೇ. "ಈಗ ಅಂಜಿಕಿ ಇರೂದು ನನಗ. ಏಣಿ ಕೊಡ್ತೀರೇನು?"

ಇಳಿದು ಬಂದಾಗ ಅಂಗಿಯೆಲ್ಲ ಒದ್ದೆ. ಏನೋ ಚೇಷ್ಟೆ ಮಾಡಲು ಬಾಯಿ ತೆರೆದವನು, ಅವಳು ಇನ್ನೂ ಏಣಿ ಬಿಡದಿರುವುದನ್ನು ಕಂಡು, ಉರುಳಿದ ಕೊಡವನ್ನು ಎತ್ತಿ ದೂರ ಇಟ್ಟ.

ಅದು ೧೯೫೪ರ ಚಳಿಗಾಲ. ಬನಹಟ್ಟಿಯ ಆ ಮನೆಯಲ್ಲಿ ಸಂಸಾರವೂ ಮಗ್ಗಗಳೂ ಒಂದೇ ಸೂರಿನಡಿ. ಗಂಜಿ ಹಾಕಿದ ನೂಲು ಬೇಗ ಒಣಗಲೆಂದು ಮಾದೇವಿಯ ಅಪ್ಪ ಗಿರಮಲ್ಲಪ್ಪ ಹಿತ್ತಲಲ್ಲಿ ದೊಡ್ಡ ಕಬ್ಬಿಣದ ಒಲೆ ಹೂಡಿಸಿ, ಅದರ ಬಿಸಿಗಾಳಿಯನ್ನು ಕೊಳವೆಯಲ್ಲಿ ಮನೆತುಂಬ ಹಾಯಿಸಿದ್ದ. ನೂಲೇನೋ ಒಣಗಿತು, ಮನೆಯೂ ಒಣಗಿತು. ಮಗ್ಗದ ಮೇಲೆ ಎಳೆಗಳು ಪಟಪಟನೆ ಹರಿಯತೊಡಗಿದವು. ಗಿರಮಲ್ಲಪ್ಪನಿಗೆ ಒಣಕೆಮ್ಮು ಹತ್ತಿ, ಒಂದು ಮಾತನ್ನೂ ಪೂರ್ತಿ ಆಡಲಾಗದ ಹಾಗಾಯಿತು. ಹೋಗುವ ಬಿಸಿಗಾಳಿಗೆ ಒಂದಿಷ್ಟು ತೇವ ಕೂಡಿಸಲು ಅವನು ತೇರದಾಳದ ಫಿಟ್ಟರ್ ಶಿವಯೋಗೆಪ್ಪನನ್ನು ಕರೆಸಿದ್ದ; ಏಣಿಯ ಮೇಲಿದ್ದವನು ಅವನೇ.

ಮಗಳಿಗೆ ಮಾತ್ರ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳ ಅಣ್ಣ ಪಾಂಡಪ್ಪ ದೂರದ ಗಿರಣಿಯೊಂದರಲ್ಲಿ ಬಾಯ್ಲರ್ ಒಡೆದು ಸತ್ತಿದ್ದ. ಅಂದಿನಿಂದ ಮಾದೇವಿ ಬಚ್ಚಲ ಹಂಡೆಯ ಮುಚ್ಚಳವನ್ನೂ ತೆಗೆದಿಟ್ಟೇ ನೀರು ಕಾಯಿಸುತ್ತಿದ್ದಳು.

ಅವಳ ಬಾಯಿಂದಲೇ ಇದನ್ನೆಲ್ಲ ಕೇಳಿದ ಶಿವಯೋಗೆಪ್ಪ, ಚೀಲದಿಂದ ಅಗಲವಾದ ತಾಮ್ರದ ತಟ್ಟೆಯೊಂದನ್ನು ತೆಗೆದು ಅವಳ ಮುಂದಿಟ್ಟ.

"ನೋಡ್ರಿ, ಇದಕ್ಕ ಮುಚ್ಚಳ ಇಲ್ಲ. ಕೊಳವಿ ಒಳಗ ಈ ತಟ್ಟಿ, ಅದರಾಗ ತೊಯ್ದ ಗೋಣಿತಟ್ಟು. ಮಾಳಗಿ ಮ್ಯಾಲಿನ ಪೀಪಾಯಿಂದ ಹನಿಹನಿ ನೀರ ಬರ್ತೈತಿ. ಬಿಸಿಗಾಳಿ ಆ ಗೋಣಿತಟ್ಟಿನ ಮ್ಯಾಲ ಹಾದು ಹಸಿ ತಗೊಂಡ ಹೋಗ್ತೈತಿ. ಉಗಿ ಕಟ್ಟಾಕ ಜಾಗಾನ ಇಲ್ಲ, ಒಡ್ಯೂದು ಎಲ್ಲಿಂದ?"

"ನಮ್ಮಣ್ಣಗೂ ಯಾರರ ಹಿಂಗ ಹೇಳಿದ್ದರೇನೋ."

ಅವನು ತಟ್ಟೆಯತ್ತ ನೋಡಿದ. "ನೀವು ಹೂಂ ಅನ್ನೂತನಕ ಒಲಿ ಹಚ್ಚೂದಿಲ್ರಿ," ಎಂದ.

ಎರಡು ದಿನದ ಕೆಲಸ ನಾಲ್ಕು ದಿನವಾಯಿತು. ಮಾದೇವಿ ದೂರದ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಒಂದೊಂದು ಬೆಸುಗೆ ಹಾಕಿದಾಗಲೂ ಅವನು ತಿರುಗಿ ಅವಳತ್ತ ಕಣ್ಣು ಹಾಯಿಸುತ್ತಿದ್ದ. ಅವಳು ನೋಟ ತಪ್ಪಿಸುತ್ತಿದ್ದಳು, ಆದರೆ ಅಲ್ಲಿಂದ ಹೋಗುತ್ತಿರಲಿಲ್ಲ.

ಒಮ್ಮೆ ಗೋಡೆಗೆ ಎರಡು ಉಷ್ಣಮಾಪಕ ನೇತುಹಾಕಿ, ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿದ. ಎರಡರ ನಡುವಿನ ಅಂತರ ನೋಡಿ ಗಾಳಿ ಎಷ್ಟು ಒಣಗಿದೆ ಎಂದು ಹೇಳಬಹುದಂತೆ.

"ಇದಿಲ್ಲದನೂ ಹೇಳ್ತೇನಿ," ಎಂದ. "ನಿಮ್ಮ ತುಟಿ ಒಡದಾವು."

ಅವಳು ತಟ್ಟನೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಗು ಮರೆಯಾಯಿತು, ಕಣ್ಣು ಮರೆಯಾಗಲಿಲ್ಲ.

ಆ ಸಂಜೆ ಅವನು ಅಪ್ಪನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಸೊಲ್ಲಾಪುರದ ಗಿರಣಿಯಿಂದ ಪತ್ರ ಬಂದಿದೆ, ಬಾಯ್ಲರ್ ಮನೆಯ ಕೆಲಸ, ಸೋಮವಾರ ಹೋಗಬೇಕು. ಮಾದೇವಿ ಊಟದ ತಟ್ಟೆ ಸರಿಸಿ ಎದ್ದಳು.

ಮರುದಿನ ಬೆಳಿಗ್ಗೆ ಅಪ್ಪನ ಕೆಮ್ಮು ನಿಲ್ಲಲೇ ಇಲ್ಲ. ಅವಳು ಹಿತ್ತಲಿಗೆ ಹೋಗಿ, "ಹಚ್ಚರಿ," ಎಂದಳು.

ಒಲೆ ಉರಿಯಿತು, ನೀರು ಹನಿಯಿತು. ಅರ್ಧ ತಾಸಿನಲ್ಲಿ ಮನೆಯ ಗಾಳಿ ಮೆತ್ತಗಾಯಿತು. ಅಪ್ಪ ಎದೆ ತುಂಬ ಉಸಿರೆಳೆದು, "ಛಲೋ ಆತು ನೋಡ," ಎನ್ನುವಷ್ಟರಲ್ಲಿ ಹಿತ್ತಲಲ್ಲಿ ಢಮ್ಮೆಂದಿತು.

ಕೊಳವೆಯ ಬಾಯಿಂದ ಬಿಳಿ ಉಗಿ ಭುಸುಗುಡುತ್ತ ಬಂತು. ನೇಯುವವರು ಮಗ್ಗ ಬಿಟ್ಟು ಹೊರಗೋಡಿದರು. ಮಾದೇವಿ ಅಪ್ಪನ ತೋಳು ಹಿಡಿದು ಬೀದಿಗೆ ಬಂದಳು. ಎಲ್ಲರ ಮುಖ ನೋಡಿದಳು. ಶಿವಯೋಗೆಪ್ಪ ಇರಲಿಲ್ಲ.

ಅಣ್ಣನ ಸುದ್ದಿ ತಂದ ಟಪಾಲಿನವನ ಮುಖ ಕಣ್ಣ ಮುಂದೆ ಬಂತು. ಇನ್ನೊಮ್ಮೆ ಬೀದಿಯಲ್ಲಿ ನಿಂತು ಆ ಸುದ್ದಿ ಕೇಳಲು ತನ್ನಿಂದಾಗದು ಎನಿಸಿದ್ದೇ ತಡ, ಸೆರಗು ಮೂಗಿಗೆ ಕಟ್ಟಿ ಒಳಗೆ ನುಗ್ಗಿದಳು.

"ಫಿಟ್ಟರರ! ಎಲ್ಲಿದೀರಿ?"

"ಬರಬ್ಯಾಡ್ರಿ!" ಉಗಿಯೊಳಗಿಂದ ಕೂಗು ಬಂತು. "ನಳ ಸಿಕ್ಕೊಂಡೈತಿ, ತಟ್ಟಿ ತುಂಬಿ ಒಲಿ ಮ್ಯಾಲ ನೀರ ಬೀಳಾಕತ್ತೈತಿ!"

ಅವಳು ಬಗ್ಗಿ, ಗೋಡೆ ತಡವುತ್ತ ಹಿತ್ತಲು ಮುಟ್ಟಿದಳು. ಅವನು ಏಣಿಯ ಮೇಲೆ ನಿಂತು ಎರಡೂ ಕೈಯಿಂದ ಪೀಪಾಯಿಯ ನಳ ತಿರುವುತ್ತಿದ್ದ. ಅವಳು ಉದ್ದನೆಯ ಕಬ್ಬಿಣದ ಕೊಕ್ಕೆ ಹಿಡಿದು, ಒಲೆಯ ಕೆಂಡವನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದಳು. ಭುಸುಗುಡುವುದು ಕಡಿಮೆಯಾಯಿತು. ನಳವೂ ಕೊನೆಗೆ ತಿರುಗಿತು.

ಇಬ್ಬರೂ ಮುಂಬಾಗಿಲ ಕಟ್ಟೆಗೆ ಬಂದು ಕುಸಿದು ಕೂತರು. ಅವನ ಮುಂಗೈ ಕೆಂಪಗೆ ಬೆಂದಿತ್ತು. ಅವಳು ಆ ಕೈ ಹಿಡಿದು ತಣ್ಣೀರು ಸುರಿಯುತ್ತ ಕೂತಳು.

"ತಪ್ಪು ನಂದರಿ," ಎಂದ ಅವನು. "ಹೆಚ್ಚಾದ ನೀರ ಹೊರಗ ಹೋಗಾಕ ಒಂದು ಸಣ್ಣ ಪೈಪ್ ಇಡಬೇಕಿತ್ತು. ಇಡ್ತೇನಿ, ಇಟ್ಟ ಹೋಗ್ತೇನಿ."

"ಹೋಗಬ್ಯಾಡ್ರಿ."

"ಯಾಕ?"

ಅಪ್ಪ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ನೇಯುವವರೆಲ್ಲ ಬೀದಿಯಲ್ಲಿದ್ದರು. ಎದುರು ಮನೆಯ ಅನಸವ್ವ ಬಾಗಿಲಿಗೆ ಬಂದಿದ್ದಳು. ಮಾದೇವಿಗೆ ಉಗಿಯೊಳಗೆ ನುಗ್ಗುವಾಗಿನಷ್ಟೇ ಭಯವಾಯಿತು.

"ನೀವು ಆ ಬಾಯ್ಲರ್ ಮುಂದ ನಿಂತರ, ನಾ ಇಲ್ಲಿ ದಿನಾ ಸಾಯಬೇಕಾಗ್ತೈತಿ," ಎಂದಳು, ಅವನ ಕೈಯನ್ನಷ್ಟೇ ನೋಡುತ್ತ. "ಈ ಮನ್ಯಾಗ ಇರ್ರಿ. ನನ್ನ ಸಲುವಾಗಿ."

ಶಿವಯೋಗೆಪ್ಪ ಮೆಲ್ಲಗೆ, "ಖರೆ ಹೇಳಲೇನು? ಇದು ಎರಡ ದಿನದ ಕೆಲಸ. ನೀವು ಹಿಂಗ ಕೇಳ್ತೀರೇನೋ ಅಂತ ಎಳಕೋತ ಬಂದೇನಿ. ಕೇಳದಿದ್ರ ಹೆಂಗ ಅಂತ ನನಗೂ ನಿದ್ದಿ ಇರಲಿಲ್ಲ," ಎಂದ.

ಗಿರಮಲ್ಲಪ್ಪ ಹತ್ತಿರ ಬಂದ. ಮಗಳ ಮುಖ ನೋಡಿದ, ಬೆಂದ ಕೈ ನೋಡಿದ.

"ಬನಹಟ್ಟ್ಯಾಗ ಮಗ್ಗದ ಮನಿ ಭಾಳ ಅದಾವಪಾ," ಎಂದ ಶಿವಯೋಗೆಪ್ಪನಿಗೆ. "ಎಲ್ಲಾ ಕಡೆ ಗಾಳಿ ಒಣಗೈತಿ. ಆ ಗಿರಣಿಯವ್ರಿಗೆ ಬರೂದಿಲ್ಲ ಅಂತ ಒಂದ ಕಾಗದಾ ಬರಿ. ನಿಮ್ಮವ್ವನ ಕರಕೊಂಡ ಬಾ, ಕೂತು ಮಾತಾಡೂಣು."

ಅನಸವ್ವ ಬಾಗಿಲಲ್ಲಿ ಇನ್ನೂ ನಿಂತೇ ಇದ್ದಳು. ಆದರೂ ಮಾದೇವಿ ಹಿಡಿದ ಕೈ ಬಿಡಲಿಲ್ಲ.