ಮುಳುಗಿದ ಹಡಗಿಗೆ ಹೊಸೆದ ಹುರಿ

‘ಇವತ್ತು ಬಾಚಣಿಗೆಯಲ್ಲಿ ಅರವತ್ತಮೂರು,’ ಎಂದು ಮಹಾನಂದಾ ಡೈರಿಯಲ್ಲಿ ಬರೆದಳು. ‘ಹೀಗೇ ಉದುರಿದರೆ ಯುಗಾದಿಯ ಹೊತ್ತಿಗೆ ಜಡೆಯೇ ಇರುವುದಿಲ್ಲ. ಯಾರಿಗೆ ಹೇಳಲಿ?’

ನಾಗಸಂದ್ರದ ಬಾಡಿಗೆ ಕೋಣೆಯಲ್ಲಿ ಬರುತ್ತಿದ್ದುದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಂಥ ಗಡಸು ನೀರು. ಉದುರಿದ ಕೂದಲನ್ನು ಬಿಸಾಡಲು ಮನಸ್ಸಾಗದೆ ಅವಳು ಅದನ್ನು ಸುರುಳಿ ಸುತ್ತಿ ಸೋಪಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಗದಗಿನಿಂದ ಬಂದು ಐದು ತಿಂಗಳಾಗಿತ್ತು. ಡಬ್ಬಿ ತುಂಬಿತ್ತು.

ಪೀಣ್ಯ ಎರಡನೇ ಹಂತದ ವೆಂಕಟರಮಣಪ್ಪನವರ ಶೆಡ್ಡಿನಲ್ಲಿ ಕಂಪನಿಗಳ ಸ್ವಾಗತಕೋಣೆಗೆ ಇಡುವ ಹಡಗಿನ ಮಾದರಿಗಳು ತಯಾರಾಗುತ್ತಿದ್ದವು. ಇತಿಹಾಸದಲ್ಲಿ ಎಂ.ಎ. ಮಾಡಿದ್ದ ಮಹಾನಂದಾಳ ಕೆಲಸ ತಪ್ಪು ಹುಡುಕುವುದು. ಹಳೆಯ ಫೋಟೊ, ಬಂದರಿನ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಹಲಗೆ ಎಷ್ಟು, ಕಂಬ ಎಷ್ಟು ಓರೆ, ಹಾಯಿಗೆ ಎಷ್ಟು ಹೊಲಿಗೆ ಎಂದು ನೋಡಿ, ತಪ್ಪಿದಲ್ಲಿ ಕೆಂಪು ಪೆನ್ಸಿಲಿನ ಗುರುತು ಹಾಕುವಳು. ತೇಗದ ಹೊಟ್ಟು, ಪಾಲಿಶಿನ ಘಾಟು, ಪಕ್ಕದ ಶೆಡ್ಡಿನ ಲೇತ್ ಯಂತ್ರದ ಕೀರಲು ಸದ್ದು. ಇಡೀ ದಿನ ಅವಳು ಬಾಯಿಬಿಡದೆ ಕಳೆಯಬಹುದಾಗಿತ್ತು. ಕಳೆಯುತ್ತಲೂ ಇದ್ದಳು.

ಈ ಸಲದ ಹಡಗು ಪಶ್ಚಿಮ ಕರಾವಳಿಯ ಒಂದು ಹಾಯಿಹಡಗು, ‘ಭದ್ರಾವಲ್ಲಿ’. ನೂರು ವರ್ಷದ ಹಿಂದೆ ಹದಿನೇಳು ಮಂದಿಯೊಂದಿಗೆ ಮುಳುಗಿತ್ತು. ಅದರ ಯಜಮಾನನ ಮರಿಮಗ ಈಗ ವೈಟ್‌ಫೀಲ್ಡಿನಲ್ಲಿ ಸರಕು ಸಾಗಣೆ ಕಂಪನಿ ನಡೆಸುತ್ತಿದ್ದ. ‘ಒಂದು ಮೊಳೆಯೂ ಸುಳ್ಳಾಗಬಾರದು’ ಎಂದಿದ್ದ.

ಎಲ್ಲವೂ ಸರಿಬಂತು, ಹಾಯಿಯನ್ನು ಅಡ್ಡಮರಕ್ಕೆ ಬಿಗಿಯುವ ಹುರಿಯೊಂದನ್ನು ಬಿಟ್ಟು. ಅಸಲು ಹಡಗಿನಲ್ಲಿ ಅದು ಮೀನೆಣ್ಣೆ ಕುಡಿದು ಕಪ್ಪಾದ, ಬೆರಳು ಗಾತ್ರದ ನಾರಿನ ಹಗ್ಗ. ಮಾದರಿಗಾಗಿ ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ನೂಲಿನ ಎಳೆಗಿಂತ ತುಸು ದಪ್ಪ. ಹತ್ತಿಯ ದಾರ ಜುಂಗು ಬಿಡುತ್ತಿತ್ತು, ನೈಲಾನ್ ಹೊಳೆಯುತ್ತಿತ್ತು. ಮಹಾನಂದಾ ಡಬ್ಬಿ ತಂದಳು. ಏಳೇಳು ಕೂದಲು ಸೇರಿಸಿ ಹೊಸೆದಳು. ಅಳತೆಗೆ ಅಳತೆ, ಬಣ್ಣಕ್ಕೆ ಬಣ್ಣ.

ಮರಕ್ಕೆ ಉಪ್ಪುಕಾಗದ ತಿಕ್ಕುವ ಹೊಳೆವ್ವ ಲಿಂಗಸೂಗೂರಿನ ಕಡೆಯವಳು. ಅವಳ ಕೈ ಅಲ್ಲೇ ನಿಂತಿತು.

“ಯವ್ವಾ, ಅದು ನಿಮ್ಮ ಕೂದಲೇನು?”

“ಹೂಂ.”

“ಬ್ಯಾಡ್ರಿ. ಸತ್ತ ಹಡಗಿಂದು ಹೆಸರು ಬರದೀರಿ, ಅಳತಿ ತಂದೀರಿ. ಈಗ ಕೂದಲಾ ಕಟ್ಟಾಕ ಹತ್ತೀರಿ. ಮಾಟದ ಬೊಂಬಿಗೆ ಇನ್ನೇನ್ ಬೇಕು?”

ಮಹಾನಂದಾ ಅಪರೂಪಕ್ಕೆ ನಕ್ಕಳು. “ಕಟ್ಟಿಗಿಗೆ ಯಾರು ಮಾಟ ಮಾಡ್ತಾರ ಹೊಳೆವ್ವ?”

“ಕಟ್ಟಿಗಿಗಲ್ಲ. ಅದರಾಗ ಹೋದ ಹದಿನೇಳು ಮಂದಿಗೆ ನೀವು ಹಗ್ಗ ಕೊಟ್ಟಂಗ ಆಗತದ. ಅವರು ಜಗ್ಗತಾರ.”

ಆದರೂ ಮಹಾನಂದಾ ಕಟ್ಟಿದಳು. ನೂರಾ ನಾಲ್ಕು ಗಂಟು.

ವೆಂಕಟರಮಣಪ್ಪ ಭೂತಗನ್ನಡಿ ಹಿಡಿದು ನೋಡಿದರು. “ಸಕ್ಕತ್ತಾಗಿದೆ ಮೇಡಂ. ಯಾವ್ ದಾರ ಇದು?”

ಕೂದಲು ಎನ್ನಲು ನಾಚಿಕೆಯಾಯಿತು. “ರೇಷ್ಮೆ, ಸಾರ್.”

“ಎಲ್ ಸಿಕ್ತು?”

“ಚಿಕ್ಕಪೇಟೆ.”

ಅವತ್ತು ಸಂಜೆ ಅವಳ ಕೋಣೆಯ ನಲ್ಲಿಯ ನೀರು ಉಪ್ಪಾಗಿತ್ತು. ಬೋರ್‌ವೆಲ್ಲಿನ ಸಪ್ಪೆಗಡಸಲ್ಲ, ಕಡಲಿನ ಉಪ್ಪು. ಮರುದಿನ ಶೆಡ್ಡಿನಲ್ಲಿ ಫ್ಯಾನ್ ಹಾಕಿದಾಗ ಮಾದರಿಯ ಹಾಯಿ ಉಬ್ಬಿತು. ಅವಳ ನೆತ್ತಿಯ ಚರ್ಮ ನೂರಾ ನಾಲ್ಕು ಕಡೆ ಚುಳ್ಳೆಂದಿತು. ಫ್ಯಾನ್ ಆರಿಸಿದರು. ನೋವು ನಿಂತಿತು. ಬಾಯಿಯಲ್ಲಿ ಕೊಳೆತ ನಾರಿನ, ಮೀನೆಣ್ಣೆಯ ವಾಸನೆ ಉಳಿಯಿತು.

ಆಮೇಲೆ ಕರೆ ಕೇಳಿಸತೊಡಗಿತು. ನೀರಿನಡಿಯಿಂದ ಬಂದಂಥ, ಹಲವು ಬಾಯಿಗಳ ಒಂದೇ ದನಿ. ಮಹಾನಂದಾ. ಶೆಡ್ಡಿನಲ್ಲಿ ಅವಳು ಬರೀ ‘ಮೇಡಂ’, ಬಾಡಿಗೆಮನೆಯವರಿಗೆ ‘ಮೇಲಿನ ರೂಮಿನ ಹುಡುಗಿ’. ಐದು ತಿಂಗಳಲ್ಲಿ ಈ ಊರಿನಲ್ಲಿ ಅವಳ ಹೆಸರು ಹಿಡಿದು ಕರೆದವರು ಇವರೇ ಮೊದಲು. ಹೆದರಿಕೆಯ ನಡುವೆಯೂ ಅವಳು ಕಿವಿಗೊಟ್ಟಳು. ‘ಅವರು ನನ್ನ ಊಟ ಆಯಿತೇ ಎಂದು ಕೇಳುತ್ತಾರೆ,’ ಎಂದು ಡೈರಿಯಲ್ಲಿ ಬರೆದಳು. ಮೂರನೆಯ ದಿನ ಎದ್ದಾಗ ದಿಂಬು ತೊಯ್ದಿತ್ತು. ಎದೆಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು. ಕೆಮ್ಮಿದಳು. ಅಂಗೈಗೆ ಮರಳು ಬಿತ್ತು.

ಶನಿವಾರ ಮಧ್ಯಾಹ್ನ ಹಡಗಿಗೆ ಗಾಜಿನ ಪೆಟ್ಟಿಗೆ ಕೂರಿಸಬೇಕಿತ್ತು. ವೈಟ್‌ಫೀಲ್ಡಿನ ಗಿರಾಕಿ ತನ್ನ ಇಬ್ಬರು ಮ್ಯಾನೇಜರುಗಳನ್ನು ಕರೆದುಕೊಂಡು ಬಂದಿದ್ದ. ಗಾಜಿನ ಕೆಲಸದ ಮುನಿಯಣ್ಣ ಒಂದೊಂದೇ ಬದಿ ನಿಲ್ಲಿಸಿ ಅಂಟು ಎಳೆಯುತ್ತಿದ್ದ. ಅಂಟಿನ ಹುಳಿ ವಾಸನೆ.

ಮೊದಲ ಗಾಜು ನಿಂತಿತು. ಮಹಾನಂದಾಳ ಉಸಿರು ಅರ್ಧವಾಯಿತು.

ಹೊಳೆವ್ವ ಅವಳ ಮುಖ ನೋಡಿದಳು. ತುಟಿ ನೀಲಿಗಟ್ಟಿತ್ತು. ಹತ್ತಿರ ಬಂದು ಪಿಸುಗುಟ್ಟಿದಳು. “ಮುಚ್ಚಿದರ ಮುಗೀತು. ಮುಚ್ಚೂದ್ರೊಳಗ ನಾಕು ಮಂದಿ ಮುಂದ ಆ ಕೂದಲಾ ನಂದು ಅಂತ ಬಾಯಿಬಿಟ್ಟು ವಾಪಸ್ ಕೇಳ್ರಿ. ಕಟ್ಟಿದವರೇ ಕೇಳಬೇಕು, ನಾ ಕೇಳಿದರ ನಡಿಯಂಗಿಲ್ಲ.”

ಎರಡನೇ ಗಾಜು. ಮೂರನೆಯದು.

“ಅಯ್ಯೋ, ನಮ್ಮ ರಿಸರ್ಚ್ ಮೇಡಂ ಇವ್ರೇ,” ಎಂದರು ವೆಂಕಟರಮಣಪ್ಪ. “ಮಾತೇ ಆಡಲ್ಲ, ಆದ್ರೆ ಒಂದ್ ತಪ್ಪು ಬಿಡಲ್ಲ. ಆ ರೇಷ್ಮೆ ಹುರಿ ನೋಡಿ ಸಾರ್.”

ಎಲ್ಲರೂ ಅವಳತ್ತ ತಿರುಗಿದರು. ಅವಳು ನೆಲ ನೋಡಿದಳು. ಹೇಳಿದರೆ ಇವರು ಅಸಹ್ಯಪಡುತ್ತಾರೆ. ಕೆಲಸ ಹೋಗುತ್ತದೆ. ಗದಗಿಗೆ ಏನು ಹೇಳುವುದು. ಸಿಮೆಂಟು ನೆಲ ತೂಗಿತು.

ನಾಲ್ಕನೆಯದು.

ಕತ್ತಲಾಯಿತು. ಹೊರಗೆ ಬಿಸಿಲಿತ್ತು, ಅವಳ ಕಣ್ಣೊಳಗೆ ಕತ್ತಲು. ಲೇತ್ ಸದ್ದು ದೂರವಾಯಿತು. ನೀರಿನ ಮೊರೆತ. ಮಹಾನಂದಾ, ಬಾ. ಜಾಗ ಇದೆ. ಹದಿನೇಳು ಕೈಗಳು ಜಡೆ ಹಿಡಿದವು. ಮೆತ್ತಗೆ ಹಿಡಿದವು. ಅಲ್ಲಿ ಯಾರೂ ನಿನ್ನನ್ನು ಮೇಡಂ ಅನ್ನುವುದಿಲ್ಲ. ಅಲ್ಲಿ ನೀನು ಒಂಟಿಯಲ್ಲ.

ಒಂದು ಕ್ಷಣ ಅವಳು ಕೊರಳು ಸಡಿಲ ಬಿಟ್ಟಳು.

ಮುನಿಯಣ್ಣ ಮೇಲಿನ ಗಾಜನ್ನು ಎತ್ತಿದ. ಕೈಗಳು ಜಗ್ಗಿದವು. ಈಗ ಮೆತ್ತಗಲ್ಲ. ನೆತ್ತಿ ಹರಿಯಿತು. ಕಿವಿಯ ಹಿಂದೆ ಬಿಸಿ ರಕ್ತ. ಉಸಿರಿಲ್ಲ. ಗಂಟಲ ತನಕ ನೀರು. ನೀರು ಮಾತ್ರ. ಆ ದನಿಗಳಲ್ಲಿ ಈಗ ಹೆಸರಿರಲಿಲ್ಲ, ಹಸಿವಿತ್ತು.

ಹೊಳೆವ್ವನ ಒರಟು ಅಂಗೈ ಬೆನ್ನಿಗೆ ಬಡಿಯಿತು.

ಅವಳು ಬಾಗಿದಳು. ಉಪ್ಪುನೀರು ಗಿರಾಕಿಯ ಹೊಳೆಯುವ ಬೂಟಿನ ಮೇಲೆ ಸುರಿಯಿತು. ಎಲ್ಲರೂ ಹಿಂದೆ ಸರಿದರು. ಮುಚ್ಚುವ ಗಾಜು ಇನ್ನೂ ಒಂದು ಗೇಣು ಮೇಲಿತ್ತು.

“ಅದು ರೇಷ್ಮೆ ಅಲ್ಲ ಸಾರ್,” ಎಂದಳು ಮಹಾನಂದಾ, ಶೆಡ್ಡಿನಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ನನ್ನ ಕೂದಲು. ನನಗೆ ವಾಪಸ್ ಬೇಕು.”