ಶಾಹುಲ್ ಬರೆದ ಪ್ರೋಗ್ರಾಂ

ಬೆಳಿಗ್ಗೆಯಿಂದ ಜಾಬಿರ್ ಫೈಲಿನಲ್ಲಿ ತಿದ್ದಿದ್ದೆಲ್ಲ, ಕೋಡನ್ನು ಜೋಡಿಸುವ ಒಂದೇ ಬಿಲ್ಡ್‌ಗೆ ಅಳಿಸಿಹೋಯಿತು. ಕೋಡನ್ನು ಓದಿ ತಪ್ಪು ತೋರಿಸುವ ಕಂಪೈಲರ್ ಮತ್ತೆ ಪರದೆಯ ತುಂಬ ಎಚ್ಚರಿಕೆಯ ಹಳದಿ ಸಾಲುಗಳನ್ನು ಸುರಿಯಿತು: ಲೆಕ್ಕದ ಈ ಖಾನೆ ಹಳತಾಗಿದೆ, ಬಳಸಬೇಡಿ.

ಪಕ್ಕದ ಮೇಜಿನಿಂದ ನಗು ಕೇಳಿತು. ಝಹ್ರಾ ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಣ್ಣಿನ ನಗುವನ್ನು ಮಾತ್ರ ಅಡಗಿಸಲಾಗಿರಲಿಲ್ಲ.

“ಎಂತ ನಗು?”

“ಆ ಫೈಲು ಮನುಷ್ಯರು ಬರೆದದ್ದಲ್ಲ. ಒಂದು ಪ್ರೋಗ್ರಾಂ ಬರೆಯುವುದು. ನೀವು ತಿದ್ದಿದರೆ ಅದು ಪುನಃ ಮೊದಲಿನ ಹಾಗೇ ಬರೆದಿಡ್ತದೆ.”

“ಮೊದಲೇ ಹೇಳಬಾರದಿತ್ತಾ?”

“ನಮಾಜಿಗೆ ನಿಂತವರ ಹಾಗೆ ಇದ್ರಿ. ನಡುವೆ ಮಾತಾಡಿಸ್ಲಿಕ್ಕೆ ಉಂಟಾ?”

ಪಂಪ್‌ವೆಲ್‌ನ ಆ ಸಣ್ಣ ಕಚೇರಿಗೆ ಅವನು ಸೇರಿ ಒಂದು ಮಳೆಗಾಲ ಕಳೆದಿತ್ತು. ಅವಳು ನಕ್ಕಿದ್ದನ್ನು ಕಂಡದ್ದು ಅಂದೇ ಮೊದಲು. 

ಹೊಸ ಮ್ಯಾನೇಜರ್ ಡೆನ್ಜಿಲ್ ಇಣುಕಿದರು. “ಇನ್ನೂ ಹೋಗಲಿಲ್ವಾ ಆ ಹಳದಿ ಸಾಲು? ಸಂಜೆ ಗಿರಾಕಿ ಬರ್ತಾರೆ. ಆ ಹಳೆ ಪ್ರೋಗ್ರಾಮನ್ನೇ ಬಿಸಾಡು ಮಾರಾಯ.”

ಅವರು ಹೋದ ಮೇಲೆ ಝಹ್ರಾ ತಲೆ ತಗ್ಗಿಸಿ ಹೇಳಿದಳು, “ಅದನ್ನು ಬರೆದದ್ದು ನಮ್ಮವರು.”

ಅವಳ ಗಂಡ ಶಾಹುಲ್ ತೀರಿಕೊಂಡದ್ದು ಜಾಬಿರ್‌ಗೆ ಗೊತ್ತಿತ್ತು. ಆ ಪ್ರೋಗ್ರಾಂ ಅವನದೆಂದು ಗೊತ್ತಿರಲಿಲ್ಲ. ಅವಳನ್ನು ಮದುವೆಗೆ ಕೇಳಬೇಕೆಂದು ಎಷ್ಟೋ ದಿನದಿಂದ ಧೈರ್ಯ ಕೂಡಿಸುತ್ತಿದ್ದವನು, ಆ ಪ್ರೋಗ್ರಾಮನ್ನು ಅಳಿಸಿ ಯಾವ ಮುಖದಲ್ಲಿ ಕೇಳುವುದು?

ತೆರೆದು ಓದಿದ. ಓದುತ್ತ ಬೆರಗಾದ. ಒಂದು ಪುಟ್ಟ ಅಚ್ಚು. ಅದರಿಂದ ಸಾವಿರಾರು ಸಾಲುಗಳು. ಬರೆದ ಕೈ ಮಣ್ಣಿಗೆ ಸೇರಿದೆ, ಕೆಲಸ ಮಾತ್ರ ದಿನವೂ ನಡೆಯುತ್ತಿದೆ! ಹಳೆಯ ರೀತಿಯಲ್ಲೇ ಲೆಕ್ಕವಿಡುವ ಬಂದರಿನ ಅಂಗಡಿಗಳಿಗಾಗಿ ಶಾಹುಲ್ ಹಳೆಯ ಖಾನೆಗಳನ್ನೂ ಕೈಬಿಟ್ಟಿರಲಿಲ್ಲ. ಅಚ್ಚು ಅವುಗಳನ್ನು ಮುಟ್ಟಲೇಬೇಕು, ಮುಟ್ಟಿದಾಗಲೆಲ್ಲ ಕಂಪೈಲರ್ ಗದರುತ್ತದೆ. ತಪ್ಪು ಯಾರದೂ ಅಲ್ಲ.

“ಸುಬ್‌ಹಾನಲ್ಲಾಹ್,” ಎಂದು ದೇವರನ್ನು ಕೊಂಡಾಡಿತು ಅವನ ತುಟಿ.

“ಎಂತಾಯ್ತು?”

“ಇದನ್ನು ಬಿಸಾಡುವುದು ಬೇಡ. ಒಂದೇ ಸಾಲು ಸೇರಿಸಿದರೆ, ಇದು ಬರೆದ ಫೈಲುಗಳಿಗೆ ಮಾತ್ರ ಕಂಪೈಲರ್ ಸುಮ್ಮನಿರ್ತದೆ. ನಾವು ಬರೆದದ್ದಕ್ಕೆ ಎಚ್ಚರಿಕೆ ಕೊಡ್ತಾ ಇರ್ತದೆ. ಆದರೆ ಅವರ ಕೆಲಸಕ್ಕೆ ನಾನು ಕೈ ಹಾಕಬೇಕಾಗ್ತದೆ. ನೀವು ಹೇಳದೆ ಹಾಕುವುದಿಲ್ಲ.”

 ಝಹ್ರಾ ಕುರ್ಚಿಯನ್ನು ಅವನ ಮೇಜಿನ ಬಳಿಗೆ ಎಳೆದುಕೊಂಡಳು.

“ಬಿಸ್ಮಿಲ್ಲಾ ಹೇಳಿ ಬರೆಯಿರಿ.”

ಬರೆದ. ಬಿಲ್ಡ್ ಓಡಿತು. ಹಳದಿಯ ಸುಳಿವೂ ಇಲ್ಲದೆ ಪರದೆ ತಿಳಿಯಾಯಿತು. 

“ಝಹ್ರಾ, ನನ್ನ ಉಮ್ಮನನ್ನು ಕುಲಶೇಖರಕ್ಕೆ, ನಿಮ್ಮ ಮನೆಗೆ ಮದುವೆ ಮಾತಿಗೆ ಕಳುಹಿಸಲಾ? ಶಾಹುಲ್‌ರನ್ನು ಮರೆಯಿರಿ ಅಂತ ನಾನು ಎಂದೂ ಹೇಳುವುದಿಲ್ಲ.”

ಅವಳ ಕಣ್ಣು ತುಂಬಿತು. “ಮನೆಯಲ್ಲಿ ಅವರ ಉಮ್ಮ ಇದ್ದಾರೆ. ಮಗ ಹೋದ ಮೇಲೆ ಅವರಿಗೆ ನಾನೇ. ಅವರನ್ನು ಬಿಟ್ಟು ನಾನು ಎಲ್ಲಿಗೂ ಬರುವವಳಲ್ಲ.”

“ಹಾಗಾದರೆ ಉಮ್ಮನಿಗೆ ಹೇಳ್ತೇನೆ,” ಎಂದ ಜಾಬಿರ್, “ಆ ಮನೆಯಿಂದ ಇಬ್ಬರನ್ನು ಕೇಳ್ಲಿಕ್ಕೆ ಉಂಟು ಅಂತ.”