ಮೂರನೇ ಜಲಪಾತದ ಜೀಪು

ಜೀಪು ಕೊರಕಲಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು. ನಾಲ್ಕೂ ಚಕ್ರಗಳು ಆಕಾಶ ನೋಡುತ್ತಿದ್ದವು. ಅದರೊಳಗಿದ್ದ ಮುದುಕರನ್ನು ಆಗಲೇ ಮೇಲಕ್ಕೆ ತಂದು ಮಲಗಿಸಿದ್ದರು. ಹೊದಿಸಿದ ಬಟ್ಟೆ ಮುಖವನ್ನೂ ಮುಚ್ಚಿತ್ತು.

ನನ್ನನ್ನು ಕರೆಸಿದ್ದು ಜೀಪು ಎತ್ತಿಸಲು. ಕಾಡಿನೊಳಗಿನ ಮೂರು ಜಲಪಾತ ತೋರಿಸಿಕೊಂಡು ಬರುವ ಕಂಪನಿಗೆ ನಾನೇ ಮೆಕ್ಯಾನಿಕ್. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಬಿದ್ದ ಗಾಡಿಯನ್ನು ಓದಲು ಬರುತ್ತದೆ.

ಡ್ರೈವರ್ ನನ್ನ ಭಾವ, ಅಕ್ಕನ ಗಂಡ. ಪೊಲೀಸ್ ವ್ಯಾನಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಏನಾಯ್ತು ಭಾವ?"

"ಹ್ಯಾಂಡ್‌ಬ್ರೇಕ್ ಎಳೆಯೋದು ಮರೆತೆ ಕಣೋ, ಸ್ಪ್ಯಾನರ್."

ನನ್ನನ್ನು ಸ್ಪ್ಯಾನರ್ ಅಂತ ಕರೆಯುವುದು ಅವನೊಬ್ಬನೇ. ಹಾಗೆ ಕರೆಯುವಾಗ ನಗುತ್ತಾನೆ. ಇವತ್ತು ನನ್ನ ಮುಖವನ್ನೇ ನೋಡಲಿಲ್ಲ.

"ಒಪ್ಕೊಂಡಿದಾನೆ, ಸಹಿನೂ ಹಾಕಿದಾನೆ," ಎಂದರು ಇನ್‌ಸ್ಪೆಕ್ಟರ್. "ನೀನು ಗಾಡಿ ಎತ್ತಿಸು ಸಾಕು."

ಸುಳ್ಳು. ಹದಿನಾಲ್ಕು ವರ್ಷದಲ್ಲಿ ಭಾವ ಹ್ಯಾಂಡ್‌ಬ್ರೇಕ್ ನಂಬಿ ಗಾಡಿ ನಿಲ್ಲಿಸಿದವನಲ್ಲ. ಹಳ್ಳ ದಾಟಿ ಬಂದ ಬ್ರೇಕು ಒದ್ದೆಯಾಗಿರುತ್ತದೆ. ಇಲ್ಲಿ ಯಾವ ಡ್ರೈವರೂ ನಂಬುವುದಿಲ್ಲ. ಗಾಡಿಯನ್ನು ಫಸ್ಟ್ ಗೇರಿಗೆ ಹಾಕುತ್ತಾರೆ, ಚಕ್ರಕ್ಕೆ ಕಲ್ಲು ಕೊಡುತ್ತಾರೆ, ಇಳಿಯುತ್ತಾರೆ.

* * *

ನಡೆದದ್ದು ಇಷ್ಟು. ಪ್ರವಾಸಿಗರು ಮೂವರು: ಮುದುಕರು, ಅವರ ಸೋದರಳಿಯ, ಅವನ ಹೆಂಡತಿ. ಮೂರನೇ ಜಲಪಾತಕ್ಕೆ ಹಗ್ಗ ಹಿಡಿದು ಇಳಿಯಬೇಕು. ಮುದುಕರಿಗೆ ಮಂಡಿನೋವು. "ನೀವು ಹೋಗ್ಬನ್ನಿ, ನಾನೊಂದು ನಿದ್ದೆ ತೆಗೀತೀನಿ," ಎಂದು ಜೀಪಿನಲ್ಲೇ ಉಳಿದರು. ಭಾವ ಉಳಿದಿಬ್ಬರನ್ನು ಕೆಳಗೆ ಕರೆದೊಯ್ದ. ಆ ನೀರಿನ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಒಂದು ಗಂಟೆ ಬಿಟ್ಟು ಹತ್ತಿ ಬಂದರೆ ಜೀಪು ಅಲ್ಲಿರಲಿಲ್ಲ.

ನಾನು ಕೊರಕಲಿಗಿಳಿದು ಜೀಪಿನೊಳಗೆ ತೂರಿದೆ. ನಮ್ಮ ಹಳೇ ಜೀಪುಗಳಿಗೆ ಎರಡು ಗೇರ್ ಕೋಲುಗಳು. ದೊಡ್ಡದು ಎಲ್ಲ ಗಾಡಿಗಳಲ್ಲೂ ಇರುವಂಥದ್ದು. ಚಿಕ್ಕದು ಇಂಜಿನ್ನಿಗೂ ಚಕ್ರಕ್ಕೂ ನಂಟು ಹಾಕುವಂಥದ್ದು. ಅದು ನ್ಯೂಟ್ರಲ್‌ನಲ್ಲಿದ್ದರೆ ದೊಡ್ಡದು ಯಾವ ಗೇರಿನಲ್ಲಿದ್ದರೂ ಗಾಡಿ ಹಗ್ಗ ಬಿಚ್ಚಿದ ಕರು.

ದೊಡ್ಡದು ಫಸ್ಟ್‌ನಲ್ಲಿತ್ತು. ಚಿಕ್ಕದು ನ್ಯೂಟ್ರಲ್‌ನಲ್ಲಿತ್ತು. ಕೂಗಿ ಹೇಳಿದೆ.

"ಬಿದ್ದ ಹೊಡೆತಕ್ಕೆ ಜಾರಿರುತ್ತೆ ಬಿಡೋ," ಎಂದು ಮೇಲಿನಿಂದ ಇನ್‌ಸ್ಪೆಕ್ಟರ್ ಕೂಗಿದರು.

"ಕಾಲಲ್ಲಿ ಒದ್ರೂ ಜಾರಲ್ಲ ಸರ್. ಕ್ಲಚ್ ತುಳಿದು, ಕೈಯಲ್ಲೇ ಎಳೀಬೇಕು."

ಅದನ್ನು ನ್ಯೂಟ್ರಲ್‌ಗೆ ಹಾಕುವುದು ಒಂದೇ ಕೆಲಸಕ್ಕೆ. ವಿಂಚ್‌ಗೆ. ಬಂಪರಿನ ಮೇಲೆ ಉಕ್ಕಿನ ಹಗ್ಗ ಸುತ್ತಿದ ಉರುಳೆ ಇರುತ್ತದೆ. ಇಂಜಿನ್ನಿನ ಬಲದಿಂದ ಅದು ತಿರುಗಿ, ಕೆಸರಲ್ಲಿ ಹೂತ ಗಾಡಿಯನ್ನು ಎಳೆಯುತ್ತದೆ. ಆಗ ಚಕ್ರ ತಿರುಗಬಾರದು. ನಮ್ಮ ಆರು ಜೀಪುಗಳಲ್ಲಿ ವಿಂಚ್ ಇರುವುದು ಇದೊಂದಕ್ಕೇ.

ಉರುಳೆ ನೋಡಿದೆ. ಭಾವ ಆ ಹಗ್ಗವನ್ನು ಅಕ್ಕನ ಜಡೆಯಷ್ಟು ಒಪ್ಪವಾಗಿ ಸುತ್ತುತ್ತಾನೆ. ಇಲ್ಲಿ ಅಡ್ಡಾದಿಡ್ಡಿ ಸುತ್ತಿತ್ತು. ಎಳೆಎಳೆಯಲ್ಲೂ ಹಸಿ ಕೆಮ್ಮಣ್ಣು. ಭಾವ ಬಂದ ದಾರಿಯಲ್ಲಿ ಬರೀ ಬೂದು ಮರಳು. ಕೆಮ್ಮಣ್ಣಿರುವುದು ಜೀಪು ನಿಲ್ಲಿಸುವ ಜಾಗದ ಮುಂದಿನ ಅಡ್ಡದಾರಿಯಲ್ಲಿ ಮಾತ್ರ.

ಹತ್ತಿ ಹೋಗಿ ನೋಡಿದೆ. ಅಡ್ಡದಾರಿಯ ಕೆಸರಿನಲ್ಲಿ ಮೊಣಕಾಲಷ್ಟು ಆಳದ ಹೊಸ ಗುಂಡಿಗಳು. ಯಾವುದೋ ಜೀಪು ಹೂತು, ಒದ್ದಾಡಿ, ಎದ್ದು ಹೋಗಿತ್ತು. ಭಾವ ಕೊಟ್ಟ ಕಲ್ಲು ಜೀಪು ನಿಲ್ಲಿಸಿದ್ದ ಜಾಗದಲ್ಲೇ ಇತ್ತು. ಎರಡು ಅಡಿ ಮುಂದಕ್ಕೆ ನೆಲ ಗೀರಿಕೊಂಡು ಹೋಗಿ ಪಕ್ಕಕ್ಕೆ ಮಗುಚಿತ್ತು.

* * *

ಇನ್‌ಸ್ಪೆಕ್ಟರ್ ಕಣ್ಣು ಸೋದರಳಿಯನ ಮೇಲೆ ಬಿತ್ತು. ಅವನು ನಡುವೆ ಒಮ್ಮೆ ಮೇಲಕ್ಕೆ ಹೋಗಿದ್ದನಂತೆ. ನಾನು ತಡೆಯಲಾರದೆ ಅವನ ಕೊರಳಪಟ್ಟಿ ಹಿಡಿದೆ.

"ಯಾಕೆ ಹೋದೆ? ಹೇಳು!"

"ಬಿಡ್ರೀ! ನೀರಿನ ಬಾಟ್ಲಿ ತರೋಣ ಅಂತ ಅರ್ಧ ಹತ್ತಿದೆ. ಕಾಲು ನಡುಗ್ತು, ವಾಪಸ್ ಇಳಿದೆ."

"ಚಿಕ್ಕ ಗೇರ್ ಮುಟ್ಟಿದ್ಯಾ?"

"ಯಾವ ಗೇರು? ನಂಗೆ ಸೈಕಲ್ಲೇ ಬರಲ್ಲ ಮಾರಾಯ!"

ಹೆಂಡತಿ ಅಳುತ್ತಲೇ ತಲೆಯಾಡಿಸಿದಳು. "ನಿಜ, ಬರಲ್ಲ."

"ಅರ್ಧ ದಾರೀಲಿ ಏನಾದ್ರೂ ಕೇಳಿಸ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಂಜಿನ್ ಸದ್ದು. ಡ್ರೈವರ್ ಗಾಡಿ ತಿರುಗಿಸ್ತಿದಾರೆ ಅಂದ್ಕೊಂಡೆ..." ಅವನು ಅಲ್ಲೇ ತಡೆದ. "ಇಲ್ಲ, ಅವರು ಕೆಳಗಿದ್ರು. ಇವಳಿಗೆ ಹಗ್ಗ ಹಿಡ್ಕೊಂಡಿದ್ರು. ತೊಗಲಿನ ಗ್ಲೌಸ್ ಹಾಕ್ಕೊಂಡು."

ನಾನು ಕೊರಳಪಟ್ಟಿ ಬಿಟ್ಟೆ. ಜೀಪಿನಲ್ಲಿದ್ದ ಒಂದೇ ಜೊತೆ ಗ್ಲೌಸು ಕೆಳಗಿತ್ತು. ಅಂದರೆ ಮೇಲೆ ಉಕ್ಕಿನ ಹಗ್ಗ ಸುತ್ತಿದವನು ಬರಿಗೈಯಲ್ಲಿ ಸುತ್ತಿದ್ದ.

* * *

ಇನ್‌ಸ್ಪೆಕ್ಟರ್ ಜೊತೆ ಕಂಪನಿಯ ಆಫೀಸಿಗೆ ಬಂದೆ. ಒಂದೇ ಕೋಣೆ. ಗೋಡೆಯಲ್ಲಿ ಜಲಪಾತಗಳ ಬಣ್ಣದ ಫೋಟೋಗಳು. ಅಂಗಳದಲ್ಲಿ ಯಜಮಾನನ ಸ್ವಂತ ಜೀಪು ಫಳಫಳ ಹೊಳೆಯುತ್ತಿತ್ತು. ಕೆಳಗಿನ ನೆಲ ಇನ್ನೂ ಒದ್ದೆ. ಹೆಣ ಸಿಕ್ಕ ದಿನವೇ ಗಾಡಿ ತೊಳೆಯುವ ಮನಸ್ಸು! ನಾನು ಮಡ್‌ಗಾರ್ಡಿನ ಒಳಮಗ್ಗುಲಿಗೆ ಬೆರಳು ಹಾಕಿದೆ. ಅಲ್ಲಿಗೆ ಪೈಪಿನ ನೀರು ತಲುಪುವುದಿಲ್ಲ. ಬೆರಳು ಕೆಂಪಾಗಿ ಬಂತು.

ಯಜಮಾನನ ಬಲಗೈಗೆ ಬಟ್ಟೆ ಕಟ್ಟಿತ್ತು.

"ಕೈಗೇನಾಯ್ತು ಯಜಮಾನ್ರೆ?"

"ಗಾಜಿನ ಲೋಟ ಒಡೀತು."

"ಬಿಚ್ಚಿ ತೋರಿಸಿ."

"ಏನೋ ಹಾಗಂದ್ರೆ? ಯಾರ ಮುಂದೆ ಮಾತಾಡ್ತಿದೀಯ?"

"ತೋರಿಸಿ," ಎಂದರು ಇನ್‌ಸ್ಪೆಕ್ಟರ್.

ಬಟ್ಟೆ ಬಿಚ್ಚಿದ. ಗಾಜು ಗೀರುತ್ತದೆ. ಇಲ್ಲಿ ಗೀರಿರಲಿಲ್ಲ. ಅಂಗೈ ತುಂಬ ಸೂಜಿ ಚುಚ್ಚಿದಂಥ ಹತ್ತಾರು ತೂತುಗಳು. ಉಕ್ಕಿನ ಹಗ್ಗದ ಮುರಿದ ಎಳೆಗಳು ಕೊಟ್ಟ ಗಾಯ. ನಮ್ಮ ಗ್ಯಾರೇಜಿನಲ್ಲಿ ಎಲ್ಲರಿಗೂ ಒಂದು ಸಲ ಆಗಿದೆ. ಎರಡನೇ ಸಲ ಯಾರಿಗೂ ಆಗಿಲ್ಲ.

ನಾನೇ ಹೇಳಿದೆ. "ಅಡ್ಡದಾರೀಲಿ ನಿಮ್ಮ ಜೀಪು ಹೂತಿತ್ತು. ಎದುರಿಗೆ ಭಾವನ ಜೀಪು. ದಾರಿ ಸಣ್ಣದು, ಯಾರಾದ್ರೂ ಸರಿಸ್ಲಿ ಅಂತ ನಾವು ಬೀಗದ ಕೈ ಗಾಡೀಲೇ ಬಿಡ್ತೀವಿ. ಚಿಕ್ಕ ಗೇರ್ ನ್ಯೂಟ್ರಲ್‌ಗೆ ಹಾಕಿ ವಿಂಚ್ ನಡೆಸಿದ್ರಿ. ಆ ಎಳೆತಕ್ಕೆ ಕಲ್ಲು ಮಗುಚ್ತು. ನಿಮ್ಮ ಗಾಡಿ ಎದ್ತು. ದೊಡ್ಡದು ಫಸ್ಟ್‌ನಲ್ಲೇ ಇದೆಯಲ್ಲ ಅಂತ ಇಂಜಿನ್ ಆರಿಸಿದ್ರಿ. ಚಿಕ್ಕದನ್ನ ವಾಪಸ್ ಹಾಕೋದು ಮರೆತ್ರಿ. ಗೇರ್‌ನಲ್ಲಿದ್ದಂಗೆ ಕಾಣೋ ಗಾಡಿ, ಗೇರ್‌ನಲ್ಲಿರ್ಲಿಲ್ಲ. ಇಳಿಜಾರಲ್ಲಿ ಉರುಳಿ ಕೊರಕಲಿಗೆ ಬಿತ್ತು."

ಯಜಮಾನ ಕುರ್ಚಿಗೆ ಕುಸಿದ.

"ಐದು ನಿಮಿಷದ ಕೆಲಸ. ಅವರು ಮಲಗಿದ್ರು, ಎಬ್ಬಿಸೋದ್ಯಾಕೆ ಅಂತ..."

"ಬಿದ್ದ ಮೇಲೆ ಮುದುಕರು ಕೂಗಿದ್ರಾ?" ಎಂದೆ.

ಅವನು ಬಿಚ್ಚಿದ ಬಟ್ಟೆಯನ್ನು ಮತ್ತೆ ಕೈಗೆ ಸುತ್ತಿಕೊಂಡ. "ಎರಡು ಸಲ."

ಅವನ ಜೀಪಿನಲ್ಲಿ ಹಗ್ಗವಿತ್ತು, ಔಷಧದ ಪೆಟ್ಟಿಗೆಯಿತ್ತು. ಅವನು ಗಾಡಿ ಹತ್ತಿ ಆಫೀಸಿಗೆ ಬಂದ. ಒಂದು ಗಂಟೆ ಮೊದಲು ಮೇಲಕ್ಕೆ ತಂದಿದ್ದರೆ ಮುದುಕರು ಬದುಕುತ್ತಿದ್ದರು ಎಂದು ಹೆಣ ನೋಡಿದ ಡಾಕ್ಟರು ಹೇಳಿದ್ದರು.

"ಹಾಗಾದ್ರೆ ನನ್ನ ಭಾವನ್ನ ಬಿಡಿ ಸರ್," ಎಂದೆ. ಗೆದ್ದೆ ಅಂದುಕೊಂಡಿದ್ದೆ.

ಯಜಮಾನ ತಲೆಯೆತ್ತಿದ. "ಮರೆತಿದ್ದು ನಾನೇ. ಆದ್ರೆ ಹ್ಯಾಂಡ್‌ಬ್ರೇಕ್ ಎಳೆದಿದ್ದೆ ಸರ್. ಅದ್ಯಾಕೆ ಹಿಡೀಲಿಲ್ಲ? ಇವನನ್ನ ಕೇಳಿ."

ಮೊಳೆಗೆ ಸಿಕ್ಕಿಸಿದ್ದ ಹಾಳೆ ಕಿತ್ತು ಮೇಜಿನ ಮೇಲಿಟ್ಟ. ಬೆಳಗಿನ ತಪಾಸಣೆ ಹಾಳೆ. ಹ್ಯಾಂಡ್‌ಬ್ರೇಕ್: ಸರಿ. ಕೆಳಗೆ ನನ್ನ ಸಹಿ.

ನಾಲ್ಕು ತಿಂಗಳಿಂದ ಆ ಬ್ರೇಕಿನ ಒಳಗೆ ಹಿಡಿಯುವಂಥದ್ದೇನೂ ಇರಲಿಲ್ಲ. ಹೊಸದು ಕೇಳಿದಾಗಲೆಲ್ಲ ಯಜಮಾನನೇ ಹೇಳುತ್ತಿದ್ದ: "ಕಲ್ಲು ಕೊಡ್ತಾರಲ್ಲ, ಹಾಕು ಸಹಿ." ನಾನು ಬೈದುಕೊಂಡು ಹಾಕುತ್ತಿದ್ದೆ. ದಿನಾ ಬೈದೆ. ದಿನಾ ಹಾಕಿದೆ.

ಆಗ ಭಾವನ ಸುಳ್ಳು ಅರ್ಥವಾಯಿತು. ಎಳೆದೇ ಇಲ್ಲ ಅಂದರೆ ಬ್ರೇಕು ಹಿಡಿಯುತ್ತಿತ್ತೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಹಾಳೆಯ ಮೇಲಿನ ಹೆಸರನ್ನೂ ನೋಡುವುದಿಲ್ಲ. ಗೂಬೆಯನ್ನು ತನ್ನ ತಲೆಯ ಮೇಲೆ ತಾನೇ ಕೂರಿಸಿಕೊಂಡಿದ್ದ. ನಾನು ಅಷ್ಟು ಹೊತ್ತೂ ಅದನ್ನು ಎಬ್ಬಿಸಲು ಒದ್ದಾಡಿದ್ದೆ.

"ಬ್ರೇಕ್ ಸರಿ ಇತ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

ಇತ್ತು ಅಂದರೆ, ಎಳೆಯಲು ಮರೆತೆ ಎಂದು ಭಾವ ಹಾಕಿದ ಸಹಿ ನಿಲ್ಲುತ್ತದೆ, ಅವನು ಒಳಗೆ.

"ಇರ್ಲಿಲ್ಲ ಸರ್."

ಅವರು ಬರೆದುಕೊಂಡರು. ಸುಳ್ಳು ತಪಾಸಣೆ, ನಾನು. ಬ್ರೇಕಿಲ್ಲದ ಗಾಡಿ ಎಂದು ಗೊತ್ತಿದ್ದೂ ಜನರನ್ನು ಕೂರಿಸಿಕೊಂಡದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು, ಭಾವ. ಯಜಮಾನನ ಹೆಸರು ಮೂರನೆಯದು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎದ್ದು ಜಗುಲಿಗೆ ಹೋಗಿ ಮೆಲ್ಲಗೆ ಮಾತಾಡಿದ. ಯಾರೂ ತಡೆಯಲಿಲ್ಲ. ಒಳಗೆ ಬಂದು ಫೋನನ್ನು ಇನ್‌ಸ್ಪೆಕ್ಟರಿಗೆ ಕೊಟ್ಟ. ಅವರು "ಆಯ್ತು ಸರ್" ಎಂದರು, ಮೂರು ಸಲ. ಮೂರನೇ ಹೆಸರಿನ ಮೇಲೆ ಗೀಟೆಳೆದರು.

* * *

ವ್ಯಾನಿನಲ್ಲಿ ಭಾವನ ಪಕ್ಕ ನನ್ನನ್ನೂ ಕೂರಿಸಿದರು.

"ನಿನ್ನ ಬಾಯಿಗೆ ಬೀಗ ಹಾಕೋಕಾಗ್ಲಿಲ್ವೇನೋ," ಎಂದ. ಸ್ಪ್ಯಾನರ್ ಅನ್ನಲಿಲ್ಲ.

ಠಾಣೆಯ ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ಗಂಡನಿಗೆಂದು ಒಂದೇ ಊಟದ ಡಬ್ಬಿ ತಂದಿದ್ದಳು. ಕಿಟಕಿಯಿಂದ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಡಬ್ಬಿಯ ಮುಚ್ಚಳ ತೆಗೆದು ಅಂಗಾತ ಹಿಡಿದು, ಅರ್ಧ ಅನ್ನವನ್ನು ಅದಕ್ಕೆ ಸುರಿದಳು.